ಚರಗಕ್ಕೆ ನೀರು ಹಾಕಿದವಳು

ಮರಳುಗಾಡಿಗೆ ಕಾಲಿಟ್ಟ ಮೊದಲ ದಿನವೇ ನನ್ನ ಟೀಚರ್‌ಗಿರಿಗೆ ಪೆಟ್ಟು ಬಿತ್ತು.

"ಮರುಭೂಮಿ ಅಂದ್ರ ಮಳಿ ಭಾಳ ಕಡಿಮಿ ಬೀಳೋ ಜಾಗ," ಎಂದು ನಾನು ಮುಮ್ತಾಜಬೇಗಂಗೆ ವಿವರಿಸುತ್ತಾ ನಡೆದಿದ್ದೆ. ಹಿಂದಿನಿಂದ ಒಂದು ಗಂಡುದನಿ ಬಂತು. "ನಮ್ಮ ಬೇವೂರಿಗೆ ಎಷ್ಟು ಬೀಳತೈತ್ರಿ, ಟೀಚರ್?"

ಆರು ವರ್ಷದಿಂದ ತಾವರಗೇರಾದ ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಡುತ್ತಿದ್ದೇನೆ. ಥಾರ್‌ನ ಮಳೆ ಎಷ್ಟು ಮಿಲಿಮೀಟರ್ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಪಕ್ಕದ ಬೇವೂರಿನದು ಗೊತ್ತಿರಲಿಲ್ಲ. ತಿರುಗಿ ನೋಡಿದೆ. ತಲೆಗೆ ಟವೆಲ್ ಸುತ್ತಿಕೊಂಡ ಎತ್ತರದ ಮನುಷ್ಯ. ತುಟಿ ಬಿಗಿಹಿಡಿದಿದ್ದ, ಕಣ್ಣು ಮಾತ್ರ ನಗುತ್ತಿದ್ದವು.

"ನಾನು ರುದ್ರೇಶ. ಬೇವೂರಾಗ ಹೊಲ ಮಾಡ್ತೀನಿ."

ನಾನು ತಟ್ಟನೆ ಮುಖ ಮುಂದಕ್ಕೆ ತಿರುಗಿಸಿದೆ.

ಎರಡು ವರ್ಷದ ಹಿಂದೆ ಅದೇ ಊರಿನಿಂದ, ಅದೇ ಹೆಸರಿನ ವರನ ಮಾತು ನಮ್ಮ ಮನೆಗೆ ಬಂದಿತ್ತು. ಫೋಟೋದ ಕವರನ್ನೂ ತೆರೆಯದೆ "ಹೊಲ ಮಾಡೋರು ಬ್ಯಾಡ" ಎಂದಿದ್ದೆ. ನಮ್ಮದು ವ್ಯಾಪಾರದ ಮನೆ. ಅಪ್ಪನಿಗೆ ತಾವರಗೇರಾದಲ್ಲಿ ಕಾಳಿನ ಅಂಗಡಿ. ಬೆಳೆ ಎಂದರೆ ನನಗೆ ಹೊಲಿದ ಚೀಲದಲ್ಲಿ ಬರುವ ಸರಕು. ಮತ್ತೆ ನಮ್ಮ ಕಡೆ ಒಮ್ಮೆ ಒಲ್ಲೆ ಎಂದ ಮೇಲೆ ಮುಗಿಯಿತು, ಆ ಎರಡು ಮನೆಗಳ ನಡುವೆ ಇನ್ನೊಂದು ಸಲ ಮಾತು ಓಡಾಡುವುದಿಲ್ಲ.

ಇವನಿಗೆ ನಾನು ಯಾರೆಂದು ಗೊತ್ತಿಲ್ಲ ಎಂದುಕೊಂಡೆ. ಹಾಗೆ ಅಂದುಕೊಂಡರೆ ನಡೆಯುವುದು ಸುಲಭವಿತ್ತು.

ನಾವು ಹನ್ನೆರಡು ಜನ, ಗಂಗಾವತಿಯ ಟ್ರೆಕ್ಕಿಂಗ್ ಬಳಗದವರು. ಭಾನುವಾರ ಹೇಮಗುಡ್ಡ ಹತ್ತಿ ಇಳಿಯುವವರು ಈ ಡಿಸೆಂಬರಿನಲ್ಲಿ ಧೈರ್ಯ ಮಾಡಿ ಜೈಸಲ್ಮೇರ್ ಕಡೆಗೆ ಐದು ದಿನದ ಟ್ರೆಕ್‌ಗೆ ಬಂದಿದ್ದೆವು. ನಮ್ಮ ಮುಖಂಡ ಮರಿಸ್ವಾಮಿ, ನಿವೃತ್ತ ಪೋಸ್ಟ್‌ಮಾಸ್ತರ್. ನನ್ನ ಟೆಂಟಿನ ಜೊತೆಗಾತಿ ಮುಮ್ತಾಜ್, ಕುಷ್ಟಗಿಯಲ್ಲಿ ನರ್ಸ್. ರುದ್ರೇಶ ಮಾತ್ರ ಈ ಸಲ ಹೊಸಬ. ಮರಳಲ್ಲಿ ಸಜ್ಜೆ ಹೇಗೆ ಬೆಳೆಯುತ್ತಾರೆ ನೋಡಬೇಕು ಅಂತ ಬಂದಿದ್ದನಂತೆ.

ಮರಳಿನಲ್ಲಿ ನಡೆಯುವುದು ನಾವು ಅಂದುಕೊಂಡಷ್ಟು ಸಲೀಸಲ್ಲ. ಎರಡು ಹೆಜ್ಜೆ ಮುಂದಿಟ್ಟರೆ ಒಂದು ಹೆಜ್ಜೆ ಹಿಂದೆ ಜಾರುತ್ತದೆ. ನಾನು ಯಾವಾಗಲೂ ಕೊನೆಯವಳು. ರುದ್ರೇಶ ನನಗಿಂತ ಕೊನೆಯವನು.

"ನಿಮಗ ಜಲ್ದಿ ನಡಿಯಾಕ ಬರಂಗಿಲ್ಲೇನು?" ಎಂದೆ ಎರಡನೇ ದಿನ.

"ಬರತೈತಿ. ಮನಸಿಲ್ಲ."

ಹಾಗೆಂದು ತಲೆ ತಗ್ಗಿಸಿ ತನ್ನ ಶೂ ನೋಡಿದ. ನಾನು ನನ್ನ ಶೂ ನೋಡಿದೆ. ಇಬ್ಬರ ಶೂಗಳಲ್ಲೂ ನೋಡುವಂಥದ್ದೇನೂ ಇರಲಿಲ್ಲ.

ಅವನ ಮಾತೆಲ್ಲ ಹೊಲದ್ದೇ. ಮೂಡಣ ಮೂಲೆಯಲ್ಲಿ ನೀರು ನಿಲ್ಲುತ್ತದೆ, ಅಲ್ಲಿ ಕಡಲೆ ಹಾಕುವುದಿಲ್ಲ. ಒಡ್ಡಿನ ಮೇಲಿನ ಬೇವಿನ ಮರ ಅಜ್ಜಿ ನೆಟ್ಟಿದ್ದು. ಹಳ್ಳದ ಕಡೆಯ ನೆಲ ಬೇಸಿಗೆಯಲ್ಲಿ ಎಷ್ಟು ಬಿರಿಯುತ್ತದೆಂದರೆ ಒಮ್ಮೆ ಅವನ ಟಾರ್ಚ್ ಅದರೊಳಗೆ ಬಿದ್ದು ಸಿಗಲೇ ಇಲ್ಲ. ಹೇಳುವಾಗ ಕೈಯಿಂದ ಗಾಳಿಯಲ್ಲೇ ಸಾಲು ಹೊಡೆಯುತ್ತಿದ್ದ. ಆ ಕೈ ನೋಡುತ್ತಾ ನಾನು ಎರಡು ಸಲ ಎಡವಿದೆ. ಬೇಡವೆಂದವನನ್ನು ಹೀಗೆ ಕದ್ದು ನೋಡುವುದು ನನಗೇ ನಾಚಿಕೆ ತಂದಿತು, ಆದರೂ ನೋಡಿದೆ.

ಮೂರನೇ ಸಂಜೆ ಚಹಾ ಕುಡಿಯುತ್ತಾ ಮರಿಸ್ವಾಮಿ ಕೇಳಿದರು. "ಲಗ್ನ ಯಾವಾಗೋ, ರುದ್ರೇಶ?"

"ಬರೋ ಸೋಮವಾರ ಯಲಬುರ್ಗಾಕ್ಕ ಕನ್ಯಾ ನೋಡಾಕ ಹೊಂಟೀವ್ರಿ. ಅವ್ವ ಎಲ್ಲಾ ಗೊತ್ತು ಮಾಡ್ಯಾಳ. ಹೂಂ ಅನ್ನೂದಷ್ಟ ಬಾಕಿ."

ನಾನು ಬೆರಳು ಮಡಚಿ ಎಣಿಸಿದೆ. ಸೋಮವಾರಕ್ಕೆ ಇನ್ನು ಐದೇ ದಿನ.

ಮರುದಿನ ಎಳ್ಳಮಾವಾಸ್ಯೆ. ಹೋದ ವರ್ಷ ಅದು ತಿಂಗಳ ಕೊನೆಗೆ ಬಂದಿತ್ತೆಂಬ ಭರವಸೆಯಲ್ಲಿ ರುದ್ರೇಶ ಹೆಸರು ಬರೆಸಿದ್ದ. ಈ ವರ್ಷ ಮೊದಲೇ ಬಂದು ಅವನನ್ನು ಮರಳಲ್ಲಿ ಹಿಡಿದಿತ್ತು. ಬೆಳಿಗ್ಗೆಯಿಂದ ಮುಖ ಬಾಡಿಸಿಕೊಂಡಿದ್ದ. "ಹುಟ್ಟಿದಾಗಿಂದ ಚರಗ ತಪ್ಪಿಸಿಲ್ರಿ," ಎಂದ. ಎಳ್ಳಮಾವಾಸ್ಯೆಗೆ ಬೆಳೆದು ನಿಂತ ಪೈರಿನಲ್ಲಿ ಅಡ್ಡಾಡಿ ಭೂಮಿತಾಯಿಗೆ ಅಡುಗೆಯ ತುತ್ತು ಚೆಲ್ಲುವುದೇ ಚರಗ. ಬಸುರಿಗೆ ಬಯಕೆ ಉಣಿಸಿದ ಹಾಗೆ.

"ಭೂಮಿತಾಯಿ ಅಲ್ಲಷ್ಟ ಅದಾಳೇನೋ? ಇಲ್ಲೇ ಚೆಲ್ಲು," ಎಂದರು ಮರಿಸ್ವಾಮಿ.

ಕ್ಯಾಂಪಿನ ಪಕ್ಕ ಸಜ್ಜೆ ಕೊಯ್ದ ಒಂದು ಹೊಲವಿತ್ತು, ಬರೀ ಕೂಳೆ ಉಳಿದದ್ದು. ಅದರ ಒಡೆಯ, ಕ್ಯಾಂಪಿನ ಅಡುಗೆಯವನು, ನಗುತ್ತಾ ಒಪ್ಪಿದ. ಅವನು ಸುಟ್ಟ ಸಜ್ಜೆ ರೊಟ್ಟಿ, ನಮ್ಮ ಡಬ್ಬಿಯ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು, ಎಲ್ಲಾ ಕಲಸಿದೆವು. ಮಧ್ಯಾಹ್ನದ ಬಿಸಿಲಲ್ಲಿ ರುದ್ರೇಶ ಪಾತ್ರೆ ಹಿಡಿದು "ಹುಲ್ಲುಲ್ಲಿಗೋ" ಎಂದು ಚರಗದ ಕೂಗು ಹಾಕಿ ಮೊದಲ ತುತ್ತು ಎಸೆದ.

ಚೆಲ್ಲುವವನ ಹಿಂದೆ ಒಬ್ಬರು ನೀರು ಚಿಮುಕಿಸುತ್ತಾ ಹೋಗುವುದನ್ನು ನಾನು ಎಲ್ಲೋ ನೋಡಿದ್ದೆ. ಇಲ್ಲಿ ಹಿಂದೆ ಯಾರೂ ಇರಲಿಲ್ಲ. ನನ್ನ ಪಾಲಿನ ನೀರಿನ ಬಾಟಲಿ ತೆಗೆದುಕೊಂಡು ಓಡಿದೆ. ಅವನು ಹೆಜ್ಜೆ ಹಾಕಿದಲ್ಲೆಲ್ಲ ನೀರು ಚಿಮುಕಿಸಿದೆ.

ಮುಮ್ತಾಜ್ ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡಳು. ರುದ್ರೇಶ ತಿರುಗಿ ನೋಡಿದ. ಕಿವಿ ಕೆಂಪಾದವು, ಕೂಗು ಅರ್ಧಕ್ಕೆ ನಿಂತಿತು. ಆದರೆ ಶುರು ಮಾಡಿದ ಸುತ್ತನ್ನು ನಡುವೆ ಬಿಡುವಂತಿಲ್ಲ. ಅವನು ಚೆಲ್ಲುತ್ತಾ, ನಾನು ನೀರು ಹಾಕುತ್ತಾ, ಇಡೀ ಹೊಲ ಸುತ್ತಿದೆವು.

"ಏನಾತು?" ಎಂದೆ ಮುಮ್ತಾಜಳಿಗೆ.

"ಏನಿಲ್ಲ ಟೀಚರ್. ನೀರು ಹಾಕೋದು ಹೊಲದವನ ಹೇಂತಿ," ಎಂದಳು. ಅವರ ಮನೆಯಲ್ಲೂ ಹೊಲವಿದೆ, ಅವಳಿಗೆ ಗೊತ್ತಿತ್ತು.

ನೆಲ ಬಾಯಿ ಬಿಡಬಾರದೇ ಎನಿಸಿತು. ರುದ್ರೇಶ ಒಬ್ಬನೇ ಮರಳ ದಿಬ್ಬ ಹತ್ತುತ್ತಿದ್ದ; ಫೋನಿಗೆ ಸಿಗ್ನಲ್ ಸಿಗುತ್ತಿದ್ದದ್ದು ಅಲ್ಲಿ ಮಾತ್ರ. ಹಿಂದೆಯೇ ಹೋದೆ.

"ತಪ್ಪಾತ್ರಿ. ನನಗ ಗೊತ್ತಿರಲಿಲ್ಲ."

"ಇರ್ಲಿ ಬಿಡ್ರಿ. ಗೊತ್ತಿಲ್ದ ಮಾಡಿದ್ದು ಲೆಕ್ಕಕ್ಕಿಲ್ಲ."

ಲೆಕ್ಕಕ್ಕಿಲ್ಲ ಎಂದದ್ದೇ ಚುಚ್ಚಿತು. ಇನ್ನು ಸುಮ್ಮನಿದ್ದರೆ ಸೋಮವಾರ ಬಂದು ಹೋಗುತ್ತದೆ. "ನಾನು ಯಾರಂತ ನಿಮಗ ಗೊತ್ತಿಲ್ಲ. ಎರಡು ವರ್ಷದ ಹಿಂದ ನಿಮ್ಮನ್ನ ಒಲ್ಲೆ ಅಂದಾಕಿ ನಾನು," ಎಂದೆ.

"ಗೊತ್ತೈತಿ. ಮೊದಲನೇ ದಿನಾನ ಗೊತ್ತಿತ್ತು."

"ಮತ್ತ ಯಾಕ ಕೇಳಲಿಲ್ಲ?"

"ಬ್ಯಾಡ ಅಂದಾಕಿನ್ನ ಎರಡನೇ ಸಲ ಕೇಳಿದ್ರ ಅದು ಹಠ ಆಗತೈತಿ."

"ನಾನು ನಿಮ್ಮನ್ನ ಒಲ್ಲೆ ಅಂದಿಲ್ಲ. ಹೊಲಾನ ಒಲ್ಲೆ ಅಂದೆ."

ಅವನು ನಗಲಿಲ್ಲ. "ಹೊಲ ಬಿಟ್ಟು ನಾ ಬ್ಯಾರೆ ಇಲ್ಲಲ್ರಿ, ಶಾಂಭವಿ."

ನನ್ನ ಹೆಸರನ್ನು ಅವನು ಕರೆದದ್ದು ಅದೇ ಮೊದಲು. ಮಾತು ನಿಜವಾಗಿತ್ತು. ಅವನು ಬೇಕು, ಹೊಲ ಬೇಡ ಎನ್ನುವ ದಾರಿ ನನಗಿರಲಿಲ್ಲ. ಗಾಳಿಗೆ ಮರಳು ಸರಿಯುತ್ತಿತ್ತು. ಪಾಠ ಹೇಳುವುದಕ್ಕೆಂದು ನೋಡುವ ನೆಲ ಬೇರೆ, ಬದುಕುವುದಕ್ಕೆಂದು ನೋಡುವ ನೆಲ ಬೇರೆ. ಆರು ವರ್ಷ ನಾನು ಮೊದಲನೆಯದನ್ನಷ್ಟೇ ನೋಡಿದ್ದೆ.

"ಮೂಡಣ ಮೂಲ್ಯಾಗ ನೀರು ನಿಲ್ಲತೈತಿ," ಎಂದೆ. "ಅಲ್ಲಿ ಕಡ್ಲಿ ಬ್ಯಾಡ. ಒಡ್ಡಿನ ಮ್ಯಾಲಿನ ಬೇವು ಅಜ್ಜಿ ನೆಟ್ಟಿದ್ದು. ಹಳ್ಳದ ಕಡೆ ಬ್ಯಾಸಿಗ್ಯಾಗ ನೋಡಿ ಕಾಲಿಡಬೇಕು. ನಾಲ್ಕು ದಿನದಾಗ ಬಾಯಿಪಾಠ ಆಗೇತ್ರಿ. ಬಾಯಿಪಾಠ ಸಾಕಿಲ್ಲ, ನಡದು ನೋಡಬೇಕು ಅನಸ್ತೈತಿ."

ಅವನು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಕೈಯಲ್ಲಿದ್ದ ಫೋನ್ ಹೊಡೆದುಕೊಂಡಿತು. ಅವ್ವ, ವಿರೂಪಾಕ್ಷಮ್ಮ, ಬೇವೂರಿನ ಹೊಲದಿಂದಲೇ. ದನಿ ನನಗೂ ಕೇಳುವಷ್ಟು ದೊಡ್ಡದು.

"ನಮ್ದು ಮುಗೀತಪ್ಪಾ." ಇಲ್ಲೂ ಚರಗ ಚೆಲ್ಲಿದೆ ಎಂದ ರುದ್ರೇಶ. "ಅಲ್ಲೂ ಚೆಲ್ಲಿದಿ? ಛಲೋ ಆತು. ನೀರು ಯಾರು ಹಾಕಿದ್ರು?"

ರುದ್ರೇಶ ನನ್ನನ್ನು ನೋಡಿದ. ಆ ಕಣ್ಣಲ್ಲಿ ಈಗ ಚೇಷ್ಟೆ ಇರಲಿಲ್ಲ, ಹೆದರಿಕೆ ಇತ್ತು. ನಾನು ಕೈ ಚಾಚಿ ಫೋನ್ ತೆಗೆದುಕೊಂಡೆ.

"ನಾನು ಹಾಕಿದ್ನಿರಿ. ತಾವರಗೇರಾದ ಶಾಂಭವಿ."

"ಯಾವ ಶಾಂಭವಿ? ಒಲ್ಲೆ ಅಂದಾಕಿ?"

"ಹೌದ್ರಿ, ಆಕಿನ. ಗೊತ್ತಿಲ್ದ ಹಾಕಿದ್ದೆ. ಈಗ ಗೊತ್ತಾತು. ಈಗ ಹಾಕು ಅಂದ್ರೂ ಹಾಕ್ತೀನ್ರಿ."

"ಹಂಗಾರ ಫೋನ್ ಇಡು ತಂಗಿ," ಎಂದಳು ಆಕೆ. "ಯಲಬುರ್ಗಾದವರು ಸೋಮವಾರಕ್ಕ ತಯಾರಿ ನಡಸ್ಯಾರ. ಮೊದಲ ಅವರಿಗೆ ನಾವು ಬರಂಗಿಲ್ಲ ಅಂತ ತಿಳಿಸಬೇಕು."

ರುದ್ರೇಶ ಅಲ್ಲೇ ಮರಳ ಮೇಲೆ ಕುಸಿದು ಕುಳಿತ. ನಾನೂ ಕುಳಿತೆ.

"ನೀವು ಮಾತ್ರ ಇನ್ನೂ ಏನೂ ಹೇಳಿಲ್ಲ," ಎಂದೆ.

"ನಾ ಎರಡು ವರ್ಷದ ಹಿಂದನ ಹೇಳಿ ಕಳಿಸಿದ್ನಲ್ಲ? ನಿಮ್ಮಪ್ಪನ ಅಂಗಡಿಗೆ ಕಡ್ಲಿ ತಂದಾಗ ನೋಡಿದ್ದೆ ನಿಮ್ಮನ್ನ. ಮಾತು ಕಳಸು ಅಂತ ಅವ್ವನ್ನ ಕಾಡಿದಾಂವ ನಾನ," ಎಂದ. ಅವನ ಕಣ್ಣು ತುಂಬಿದ್ದವು. ನಾನು ಅವನ ಕೈ ಹಿಡಿದುಕೊಂಡೆ, ಕೆಳಗಿನಿಂದ ಎಲ್ಲರೂ ನೋಡುತ್ತಿದ್ದರೂ ಬಿಡಲಿಲ್ಲ.