ಕೂತೇ ನಿದ್ದೆ ಹೋಗುವವನು

ಗುಡಾರದ ಬಾಗಿಲಿಗೆ ಇಳಿಬಿಟ್ಟ ಕಂಬಳಿ ಸರಿಸಿ ಒಳಗೆ ಬಗ್ಗಿದ ಸುನ್ನಾಳಿಗೆ ಮೊದಲು ಕಂಡದ್ದು ಅವನ ಮುಖವೇ.

ಐದು ತಿಂಗಳಾಗಿತ್ತು ಆ ಮುಖ ನೋಡಿ. ಎದೆ ಝಲ್ಲೆಂದಿತು... ಆದರೆ ಪ್ರೀತಿಗಲ್ಲ, ಭಯಕ್ಕೆ.

ಕಣ್ಣಿನ ಸುತ್ತ ಊತ. ಕುತ್ತಿಗೆಯಲ್ಲಿ ಹುರಿಯಂತೆ ಉಬ್ಬಿ ನಿಂತ ನರಗಳು. ಹೊರಗೆ ಹಿಮಸಾರಂಗಗಳ ಹಿಂಡು ಕಡಲತೀರದ ಬೇಸಿಗೆ ಮೇವಿಗೆ ಹೊರಡಲು ಕಾದಿದೆ, ಹಾಡಹಗಲು. ಸಾಮ್ಮೊಲ್ ಮಾತ್ರ ಸಾರಂಗದ ತೊಗಲುಗಳ ರಾಶಿಗೆ ಬೆನ್ನು ಕೊಟ್ಟು, ಕೂತೇ ನಿದ್ದೆ ಹೋಗಿದ್ದ.

"ಬಾಗಿಲು ಬಿಡು ತಾಯಿ, ಹೊಗೆ ತಿರುಗುತ್ತೆ," ಅಂದರು ಒಲೆಯ ಮುಂದಿದ್ದ ಅವನ ತಾಯಿ ಬಿಗ್ಗಾ. "ಊರಿಂದ ಎಪ್ಪತ್ತು ಕಿಲೋಮೀಟರ್ ಹಿಮದಲ್ಲಿ ಬಂದಿದ್ದೀಯ. ಜಗಳಕ್ಕೋ, ಕಾಫಿಗೋ?"

"ಮೊದಲು ಕಾಫಿ ಕೊಡಿ ಅಮ್ಮ."

"ಒಳ್ಳೆ ಬುದ್ಧಿ. ಜಗಳ ಆಡೋಕೂ ಮೈಯಲ್ಲಿ ಬಿಸಿ ಇರಬೇಕು."

ಬಿಗ್ಗಾ ಹಾಗಂದುಕೊಂಡದ್ದರಲ್ಲಿ ತಪ್ಪಿರಲಿಲ್ಲ. ಮದುವೆಯ ಮಾತು ಆಡಿಯಾಗಿತ್ತು. ಇದ್ದಕ್ಕಿದ್ದಂತೆ ಶರತ್ಕಾಲದಲ್ಲಿ ಸಾಮ್ಮೊಲ್ ಸುನ್ನಾಳ ಮನೆಗೆ ಬರುವುದನ್ನೇ ಬಿಟ್ಟ. ಜಗಳವಿಲ್ಲ, ಕಾರಣವಿಲ್ಲ. ಅದೇ ದಿನಗಳಲ್ಲಿ ಎರಡು ಮೂರು ಸಲ ಅವನ ಕಾರು ನಾರ್ವೆಯ ಗಡಿ ದಾಟಿ ಫಿನ್ಲೆಂಡಿಗೆ ಹೋಗುವುದನ್ನು ಊರು ನೋಡಿತು. ಅಲ್ಲೊಬ್ಬಳಿದ್ದಾಳೆ ಅಂತ ಊರೇ ತೀರ್ಮಾನ ಮಾಡಿತು. ಸುನ್ನಾಳೂ ನಂಬಿದಳು. ನಂಬಿ, ಅಳುವುದೆಲ್ಲ ಅತ್ತು ಮುಗಿಸಿದ್ದಳು.

ಇವತ್ತು ಬೆಳಿಗ್ಗೆ ಆರೋಗ್ಯ ಕೇಂದ್ರದ ಅವಳ ಮೇಜಿನ ಮೇಲೆ ಒಂದು ಕಾಗದ ಬಂದಿತ್ತು. ಗಡಿಯಾಚೆಯ ಆಸ್ಪತ್ರೆಯದು. ರೋಗಿ ಫೋನಿಗೂ ಪತ್ರಕ್ಕೂ ಉತ್ತರಿಸುತ್ತಿಲ್ಲ, ಎದೆಯೊಳಗಿನ ಗಂಟು ಬೆಳೆಯುತ್ತಲೇ ಹೋಗುವಂಥದು, ತಡ ಮಾಡುವಂತಿಲ್ಲ ಎಂದಿತ್ತು ಅದರಲ್ಲಿ. ರೋಗಿಯ ಹೆಸರಿನ ಜಾಗದಲ್ಲಿ ಅವನ ಹೆಸರು.

ಈ ಬಯಲಿಗೆಲ್ಲ ಇದ್ದ ಒಬ್ಬಳೇ ಕ್ಯಾನ್ಸರ್ ನರ್ಸ್ ಸುನ್ನಾ. ಅವನು ಮುನ್ನೂರು ಕಿಲೋಮೀಟರ್ ಆಚೆಗೆ ಯಾಕೆ ಹೋದ ಅನ್ನುವುದು ಆಗ ತಿಳಿಯಿತು ಅವಳಿಗೆ. ಹತ್ತಿರದ ಆಸ್ಪತ್ರೆಗೆ ಹೋದರೆ ಕಡತ ಬಂದು ಬೀಳುವುದು ಅವಳದೇ ಕೈಗೆ!

ಕಾಫಿ ಬಂತು. ಎರಡನೇ ಬಟ್ಟಲು ಮುಗಿಯುವವರೆಗೆ ಬಂದ ಕೆಲಸ ಎತ್ತುವುದು ಮರ್ಯಾದೆಯಲ್ಲ. ಬಿಗ್ಗಾ ಹಿಮದ ಮಾತಾಡಿದರು, ನದಿಯ ಮಂಜುಗಡ್ಡೆಯ ಮಾತಾಡಿದರು. ಸುನ್ನಾ ತಲೆಯಾಡಿಸುತ್ತ ಅವನ ಉಸಿರೆಣಿಸುತ್ತಿದ್ದಳು. ಹದಿನೈದಿರಬೇಕಾದದ್ದು ನಿಮಿಷಕ್ಕೆ ಇಪ್ಪತ್ತೆಂಟು. ಕೂತಲ್ಲೇ ಇಪ್ಪತ್ತೆಂಟು...

*ದೇವರೇ, ಈ ಎರಡನೇ ಬಟ್ಟಲು ಬೇಗ ಮುಗಿಯಲಿ.*

ಕಾಗದದಲ್ಲಿದ್ದುದನ್ನು ಹೆತ್ತ ತಾಯಿಯ ಎದುರಲ್ಲೂ ಬಾಯಿಬಿಡುವಂತಿಲ್ಲ. ಅದು ಅವಳ ಕೆಲಸದ ಕಟ್ಟಳೆ. ರೋಗದ ಹೆಸರೆತ್ತುವಂತಿಲ್ಲ, ಅದು ಇಲ್ಲಿನ ಜನರ ಕಟ್ಟಳೆ. ಅದನ್ನು ಎಲ್ಲರೂ 'ಅದು' ಎನ್ನುತ್ತಾರೆ. ಹೆಸರಿಟ್ಟು ಕರೆದರೆ ಓಗೊಟ್ಟು ಬರುತ್ತದೆ ಎಂದು ಹೆದರಿಕೆ.

ಸಾಮ್ಮೊಲ್ ಕಣ್ಣು ಬಿಟ್ಟ. ಅವಳನ್ನು ನೋಡಿದ. ಎದ್ದು ಹೊರಗೆ ಹೋದ.

ಅವಳೂ ಹಿಂದೆಯೇ ನಡೆದಳು.

ಹಿಂಡು ಬೂದು ಬಣ್ಣದ ಕಡಲಿನ ಹಾಗೆ ಇಳಿಜಾರಿನ ತುಂಬ ಹರಡಿತ್ತು. ಇಬ್ಬರೂ ಸಾರಂಗಗಳ ಕಡೆ ಮುಖ ಮಾಡಿ ನಿಂತರು. ಒಬ್ಬರ ಮುಖ ಒಬ್ಬರು ನೋಡಿ ಆಡುವ ಮಾತಲ್ಲ ಇದು.

"ನಿನ್ನ ಹಿಂಡಲ್ಲಿ ಒಂದು ಗಂಡು ಇದೆಯಲ್ಲ," ಅಂದಳು ಸುನ್ನಾ. "ಕುತ್ತಿಗೆ ಊದಿರೋದು. ಮಲಗೋಕಾಗದೆ ಒದ್ದಾಡೋದು."

ಅವನು ಕೊರಳಪಟ್ಟಿಯನ್ನು ಮೇಲೆಳೆದುಕೊಂಡ. "ಇದೆ."

"ಏನ್ ಮಾಡ್ತೀಯ ಅದನ್ನ?"

"ಕಡಲತನಕ ನಡೆಸ್ತೀನಿ. ಆಮೇಲೆ ಅದರ ಹಣೆಬರಹ."

"ಯಾರಿಗೂ ತೋರಿಸಲಿಲ್ವಾ?"

"ತೋರಿಸಿದೆ. ಎದೆತನಕ ಹಬ್ಬಿದೆ ಅಂದ್ರು. ಮುಗೀತಲ್ಲ."

"ಮುಗೀತು ಅಂತ ಅವರಂದ್ರಾ?"

"ಅದರ ಹೆಸರು ಹೇಳೋಕೆ ಬಾಯಿ ತೆರೆದ್ರು ಆ ಡಾಕ್ಟರು. ನಾನು ಎದ್ದು ಬಂದೆ."

ಸುನ್ನಾಳಿಗೆ ಕಾಲಡಿಯ ಹಿಮ ಕುಸಿದಂತಾಯಿತು. "ಪೂರ್ತಿ ಕೇಳಲೇ ಇಲ್ವಾ? ಕಾಗದಗಳು ಬಂದವಲ್ಲ?"

"ಒಡೆದಿಲ್ಲ."

ಹೆಸರಿಗೆ ಹೆದರಿ ಅರ್ಧ ಮಾತು ಕೇಳಿ ಎದ್ದು ಬಂದ ಮನುಷ್ಯ, ಉಳಿದರ್ಧವನ್ನು ಸಾವಿನಿಂದ ತುಂಬಿಕೊಂಡು ಐದು ತಿಂಗಳು ಬದುಕಿದ್ದ!

ಈಗ ಅವಳು ಅವನ ಕಡೆಗೇ ತಿರುಗಿದಳು. "ಸಾರಂಗದ ಮಾತು ಸಾಕು. ಆ ಡಾಕ್ಟರು ಮುಂದೆ ಏನು ಹೇಳೋರಿದ್ರು ಗೊತ್ತಾ? ಇದು ವಾಸಿಯಾಗೋ ಜಾತಿಯದ್ದು. ಹಬ್ಬಿದ್ರೂ ಹೆಚ್ಚಿನವರು ಗುಣ ಆಗ್ತಾರೆ."

"ನಿನ್ನಪ್ಪನಿಗೂ ಹಾಗೇ ಅಂದಿದ್ರು."

"ಅಪ್ಪನದ್ದು ಬೇರೆ."

"ಎರಡು ವರ್ಷ ಸುನ್ನಾ... ನೀನು ಅವರ ಹಾಸಿಗೆ ಪಕ್ಕ ಸವೆದುಹೋಗಿದ್ದನ್ನ ನಾನು ನೋಡಿದ್ದೀನಿ. ಇನ್ನೊಂದ್ಸಲ ಅದನ್ನೇ ನಿನ್ನ ಮೇಲೆ ಹೇರಲಾ?"

"ಅದಕ್ಕೇ ಆಚೆ ದೇಶದ ಹುಡುಗಿ?"

"ಅವಳನ್ನ ಊರವರೇ ಹುಟ್ಟಿಸಿದ್ದು. ನಾನು ಬೇಡ ಅನ್ನಲಿಲ್ಲ, ಅಷ್ಟೇ."

ಅಳು ಬರುತ್ತದೆ ಅಂದುಕೊಂಡಳು. ಬಂದದ್ದು ಸಿಟ್ಟು.

"ಸಾಯೋದನ್ನ ಒಬ್ಬನೇ ತೀರ್ಮಾನ ಮಾಡಿದೆ. ನಾನು ದುಃಖಪಡಬೇಕಾ ಬೇಡವಾ ಅನ್ನೋದನ್ನೂ ನೀನೇ ತೀರ್ಮಾನ ಮಾಡಿದೆ. ಭಾರೀ ಯಜಮಾನ ನೀನು. ಈಗ ನನ್ನ ಮಾತು ಕೇಳು. ಆ ಗಂಟು ತಲೆಯಿಂದ ರಕ್ತ ಇಳಿಯೋ ದಾರೀನ ಅದುಮ್ತಿದೆ. ಮುಖ ಊದಿರೋದು ಅದಕ್ಕೆ. ಇವತ್ತೇ ಹೊರಡಬೇಕು."

"ಆಗಲ್ಲ. ಹೆಣ್ಣುಗಳೆಲ್ಲ ಗಬ್ಬ. ನದಿಯ ಮಂಜುಗಡ್ಡೆ ಒಡೆಯೋದರೊಳಗೆ ದಾಟಿಸಬೇಕು. ಮೂರು ವಾರ ಕೊಡು."

"ನನ್ನ ಹತ್ರ ಇದ್ರೆ ಕೊಡ್ತಿದ್ದೆ. ನಿನ್ನ ಹತ್ರಾನೂ ಇಲ್ಲ."

"ದಾಟಿಸೋರು ಯಾರು ಮತ್ತೆ?"

"ನಾನು," ಅಂತು ಹಿಂದಿನಿಂದ ಒಂದು ದನಿ.

ತೊಗಲಂಗಿ ಬಿಗಿದು, ಹಗ್ಗದ ಸುರುಳಿ ಹೆಗಲಿಗೇರಿಸಿ ನಿಂತಿದ್ದರು ಬಿಗ್ಗಾ. ಎಷ್ಟು ಹೊತ್ತಿನಿಂದ ನಿಂತಿದ್ದರೋ.

"ನೀನು ಹುಟ್ಟಿದ ವರ್ಷಾನೂ ಈ ಹಿಂಡನ್ನ ದಾಟಿಸಿದ್ದು ನಾನೇ, ನಿನ್ನನ್ನ ಬೆನ್ನಿಗೆ ಕಟ್ಟಿಕೊಂಡು. ಅಣ್ಣನ ಮಕ್ಕಳನ್ನ ಕರೆಸ್ಕೋತೀನಿ." ಅವರ ದನಿ ತಗ್ಗಿತು. "ಚಳಿಗಾಲದಿಂದ ಕೂತೇ ನಿದ್ದೆ ಮಾಡ್ತಿದ್ದೀಯ. ಹಿಮದ ಬಿಸಿಲಿಗೆ ಮುಖ ಊದಿದೆ ಅಂತ ಬಂದವರಿಗೆಲ್ಲ ನಾನೇ ಸುಳ್ಳು ಹೇಳ್ದೆ. ಕೇಳಬಾರದು ಅಂತ ಕೇಳಲಿಲ್ಲ. ತಪ್ಪು ಮಾಡ್ದೆ ಮಗನೇ. ಹೋಗು."

ಅವನು ತಾಯಿಯ ಎದುರು ತಲೆ ತಗ್ಗಿಸಿದ. ಅಷ್ಟೇ ಅವನ ಒಪ್ಪಿಗೆ.

ಮೋಡ ನೆಲಕ್ಕಿಳಿದಿತ್ತು, ಹೆಲಿಕಾಪ್ಟರ್ ಬರಲಾರದು ಎಂದರು ರೇಡಿಯೋದಲ್ಲಿ ಸುನ್ನಾಳಿಗೆ ಸಿಕ್ಕ ಆಸ್ಪತ್ರೆಯವರು. ಟಾರು ರಸ್ತೆ ಮುಗಿಯುವಲ್ಲಿ ಆಂಬುಲೆನ್ಸ್ ಕಾಯುತ್ತದೆ, ಅಲ್ಲಿವರೆಗೆ ನಿಮ್ಮದೇ ದಾರಿ.

ಜಾರುಬಂಡಿಯಲ್ಲಿ ತೊಗಲು ಒಟ್ಟಿ ಅವನನ್ನು ಒರಗಿಸಿ ಕೂರಿಸಿದಳು. ಬಂಡಿಯನ್ನು ಹಿಮದ ಸ್ಕೂಟರಿಗೆ ಕಟ್ಟಿ ಹೊರಟಳು. ವೇಗ ಹೆಚ್ಚಿಸಿದರೆ ಕುಲುಕಾಟಕ್ಕೆ ಅವನ ಉಸಿರು ಕಟ್ಟುತ್ತದೆ, ತಗ್ಗಿಸಿದರೆ ಹೊತ್ತು ಮೀರುತ್ತದೆ. ಅರ್ಧ ದಾರಿಯಲ್ಲಿ ಕೆರೆಯ ಮಂಜಿನ ಮೇಲೆ ನೀರು ನಿಂತಿತ್ತು. ಬೆಳಿಗ್ಗೆ ಬಂದ ದಾರಿ ಈಗ ಇರಲಿಲ್ಲ.

ಕೆರೆ ಸುತ್ತಿ ಹೋಗಬೇಕು. ಇನ್ನೂ ಒಂದು ಗಂಟೆ.

ತಿರುಗಿ ನೋಡಿದಳು. ಅವನ ತುಟಿ ನೀಲಿಗಟ್ಟಿತ್ತು. ತಲೆ ಒಂದು ಕಡೆಗೆ ವಾಲಿತ್ತು.

ಸ್ಕೂಟರ್ ನಿಲ್ಲಿಸಿ ಓಡಿದಳು. ಕೊರಳಪಟ್ಟಿ ಬಿಚ್ಚಿ, ಬೆನ್ನ ಹಿಂದೆ ತಾನೇ ಕೂತು, ಅವನನ್ನು ತನ್ನೆದೆಗೆ ನೆಟ್ಟಗೆ ಒರಗಿಸಿಕೊಂಡಳು. "ಮೂಗಲ್ಲಿ ಎಳಕೋ. ನಿಧಾನ. ನನ್ನ ಜತೆ."

ಅವಳ ಎದೆ ಏರಿದಾಗ ಅವನದೂ ಏರಿತು, ಇಳಿದಾಗ ಇಳಿಯಿತು. ಒಳಗೊಳಗೇ ಅವಳು ಪ್ರಾರ್ಥಿಸುತ್ತಿದ್ದಳು, ಬರೀ ಒಂದೇ ಮಾತು, ಉಸಿರಿಗೊಂದು ಸಲ.

ಬಹಳ ಹೊತ್ತಿನ ಮೇಲೆ ಅವನ ದನಿ ಕೇಳಿತು.

"ಸುನ್ನಾ... ಅದರ ಹೆಸರು ಹೇಳು."

"ಈಗಲಾ?"

"ಈಗಲೇ. ನಿನ್ನ ಬಾಯಿಂದ ಕೇಳ್ತೀನಿ."

"ಹಾಡ್ಜ್‌ಕಿನ್ ಲಿಂಫೋಮಾ."

ಅವನು ಕಿವಿಗೊಟ್ಟ. ಓಗೊಟ್ಟು ಏನೂ ಬರಲಿಲ್ಲ, ಗಾಳಿ ಬೀಸಿ ಹೋಯಿತು, ಅಷ್ಟೇ.

"ಯಾವುದೋ ಇಂಗ್ಲಿಷ್ ಮೇಷ್ಟ್ರ ಹೆಸರಿದ್ದಂಗಿದೆ."

"ಅದನ್ನ ಕಂಡುಹಿಡಿದ ಡಾಕ್ಟರ ಹೆಸರು."

"ಇದಕ್ಕಾ ನಾನು ಐದು ತಿಂಗಳು ಹೆದರಿದ್ದು..." ನಗಲು ಹೋಗಿ ಕೆಮ್ಮಿದ. "ಗುಣ ಆಗದೇ ಹೋದ್ರೆ?"

ಅವಳು ಸುಳ್ಳು ಹೇಳಲಿಲ್ಲ. "ಆಗದೇ ಹೋದ್ರೂ ನಿನ್ನ ಪಕ್ಕ ನಾನಿರ್ತೀನಿ. ಅಪ್ಪನ್ನ ನೋಡ್ಕೊಂಡಿದ್ದು ನನಗೆ ಹೊರೆ ಅಂತ ಯಾರು ಹೇಳಿದ್ದು ನಿನಗೆ? ಒಂದ್ಸಲ ಕೇಳಿದ್ಯಾ ನನ್ನನ್ನ? ಆ ಎರಡು ವರ್ಷದಲ್ಲೇ ಕಣೋ, ನಾನೂ ಅಪ್ಪನೂ ಬಾಯಿಬಿಟ್ಟು ಮಾತಾಡಿದ್ದು. ಬಳಲಿದ್ದೆ, ನಿಜ. ಆದ್ರೆ ನಾನು ಸವೆದಿದ್ದು ಅಲ್ಲಿ ಅಲ್ಲ... ಈ ಐದು ತಿಂಗಳಲ್ಲಿ."

ಅವನು ಅವಳ ಕೈಗವಸಿನೊಳಗೆ ತನ್ನ ತಣ್ಣನೆಯ ಬೆರಳುಗಳನ್ನು ತೂರಿಸಿದ.

ಅವನ ಉಸಿರು ಹತೋಟಿಗೆ ಬಂದ ಮೇಲೆ ಅವಳು ಮತ್ತೆ ಸ್ಕೂಟರ್ ಹತ್ತಿ ಕೆರೆ ಸುತ್ತಿ ಹೊರಟಳು. ಸಂಜೆಯ ಬೆಳಕು ಇನ್ನೂ ಇರುವಾಗಲೇ ರಸ್ತೆ ಕಂಡಿತು, ಕಾಯುತ್ತಿದ್ದ ಹಳದಿ ಬಂಡಿಯೂ ಕಂಡಿತು. ಸಿಬ್ಬಂದಿ ಅವನನ್ನು ಒರಗಿಸಿ ಪಟ್ಟಿ ಬಿಗಿದರು, ಮೂಗು ಬಾಯಿಗೆ ಆಮ್ಲಜನಕದ ಮುಖವಾಡ ತೊಡಿಸಿದರು. ನಾಳೆಯೇ ಟ್ರೋಮ್ಸೊದ ದೊಡ್ಡಾಸ್ಪತ್ರೆಯಲ್ಲಿ ಮದ್ದು ಶುರು.

"ಕಡತ ಕೊಡಿ ಸಿಸ್ಟರ್," ಅಂದ ಚಾಲಕ. "ಮುಂದಿನದ್ದು ನಮ್ಮ ಕೆಲಸ. ನೀವು ಮನೆಗೆ ಹೋಗಿ ಮಲಗಿ."

ಕಡತ ಕೊಟ್ಟಳು. ಅವಳ ಕೆಲಸ ಅಲ್ಲಿಗೆ ಮುಗಿದಿತ್ತು. ಕಾಲು ಮಾತ್ರ ಕದಲಲಿಲ್ಲ.

ಸಾಮ್ಮೊಲ್ ಮುಖವಾಡ ಸರಿಸಿದ. "ಸುನ್ನಾ, ಹೋಗಬೇಡ."

"ಅಲ್ಲಿ ನನಗಿಂತ ಜಾಣ ನರ್ಸುಗಳಿದ್ದಾರೆ."

"ನರ್ಸ್ ಬೇಕು ಅಂದ್ನಾ ನಾನು?" ಉಸಿರು ಸಾಲದೆ ನಿಲ್ಲಿಸಿದ, ಮತ್ತೆ ಹೇಳಿದ. "ನೀನು ಬೇಕು. ನನ್ನ ಹೆಂಡತಿಯಾಗಿ ಬೇಕು. ಹೆದರಿಕೆ ಆಗ್ತಿದೆ ನನಗೆ, ಬಾ."

ಅವಳು ಹತ್ತಿ ಅವನ ಪಕ್ಕ ಕೂತಳು. ಮುಖವಾಡವನ್ನು ಮತ್ತೆ ಸರಿಯಾಗಿ ಕೂರಿಸಿದಳು. ಆಮೇಲೆ ಆ ಊದಿದ ಹಣೆಗೆ ತನ್ನ ಹಣೆ ತಾಗಿಸಿದಳು.

"ಸ್ವಲ್ಪ ಸರಿದುಕೋ."

"ಎಲ್ಲಿಗೆ ಸರೀಲಿ? ಕಟ್ಟಿ ಹಾಕಿದ್ದಾರೆ."

"ಒಳ್ಳೇದಾಯ್ತು. ಈ ಸಲ ಓಡಿಹೋಗೋಕಾಗಲ್ಲ."

"ಬಿಚ್ಚಿದ್ರೂ ಹೋಗಲ್ಲ," ಅಂದ ಅವನು.