ಇಸ್ತ್ರಿ ಬಿದ್ದ ನೋಟು

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ನನ್ನ ಗಂಡ ಗಡಿಯಾರ ರಿಪೇರಿ ಮಾಡುತ್ತಿದ್ದರು; ಪ್ರಾಣವೆಲ್ಲ ಮಾತ್ರ ಹಳೇ ನೋಟುಗಳ ಮೇಲೆ. ನೂರು ವರ್ಷದ ಹಿಂದೆ ಚೀನಾದ ಒಂದೊಂದು ಪ್ರಾಂತ್ಯವೂ ತಾನೇ ಅಚ್ಚು ಹಾಕಿಸಿದ ನೋಟುಗಳು. ಚಿಮಟದಲ್ಲೇ ಹಿಡಿಯಬೇಕು, ಬೆರಳು ತಾಗಿಸುವಂತಿಲ್ಲ. ಅದೇ ಮನುಷ್ಯ ಪುಸ್ತಕವನ್ನು ಅರ್ಧಕ್ಕೆ ಬಿಟ್ಟು ಏಳುವಾಗ ಹಾಳೆಯ ಮೂಲೆಯನ್ನು ಒಳಕ್ಕೆ ಮಡಚುತ್ತಿದ್ದರು. ನಾನು ಬೈಯುತ್ತಿದ್ದೆ.

ಒಂದು ಬೆಳಿಗ್ಗೆ, ಅವರಿಗೆ ಖುಷಿಯಾಗಲಿ ಅಂತ, ಅವರ ಅಂಗಿಯ ಜೊತೆಗೇ ಹೊಸದಾಗಿ ಬಂದ ನೋಟಿಗೂ ಇಸ್ತ್ರಿ ಹಾಕಿ ಅದರ ಮೂರು ಮಡಿಕೆಗಳನ್ನು ಅಳಿಸಿಬಿಟ್ಟೆ.

"ಏನೇ ಮಾಡ್ದೆ? ಇಸ್ತ್ರಿ ಬಿದ್ದ ನೋಟು ಸತ್ತ ಹಾಗೆ ಕಣೇ. ಯಾರದೋ ಜೇಬಲ್ಲಿ ಬಿದ್ದ ಮಡಿಕೆ ಅದು."

"ನಂಗೇನ್ರೀ ಗೊತ್ತು? ಚೆನ್ನಾಗಿ ಕಾಣ್ಲಿ ಅಂತ ಮಾಡ್ದೆ."

"ಆಯ್ತು ಬಿಡು, ಸಂಜೆ ಬಂದು ಮಾತಾಡೋಣ" ಎಂದು ತಿಂಡಿ ಮುಟ್ಟದೆ ಆ ಅಂಗಿ ತೊಟ್ಟು ಹೋದರು. ಮಧ್ಯಾಹ್ನ ಅಂಗಡಿಯಲ್ಲೇ, ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿ ತೆಗೆಯುವ ಮೊದಲೇ, ಅವರ ಹೃದಯ ನಿಂತುಹೋಯಿತು.

ನೋಟನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಕೀಲಿ ನನ್ನ ಸೊಂಟದಲ್ಲೇ ಇರುತ್ತದೆ. ತಿಂಗಳ ಮೇಲೆ ತೆಗೆದರೆ ಕವರು ಬೆಚ್ಚಗಿತ್ತು, ಆಗತಾನೇ ಮೈಯಿಂದ ಕಳಚಿದ ಅಂಗಿಯ ಹಾಗೆ. ನೋಟಿನ ನಡುವೆ ಒಂದು ಮಡಿಕೆ. ಮುಂದಿನ ತಿಂಗಳು ಎರಡು. ಆಮೇಲೆ ಮೂರೂ ಬಂದವು. ಕಬ್ಬಿಣದ ಬೀರು ತಣ್ಣಗೆ ಕೊರೆಯುತ್ತಿತ್ತು, ಕವರು ಮಾತ್ರ ಬೆಚ್ಚಗೆ. "ಕೋಪ ಹೋಯ್ತೇನ್ರೀ?" ಎಂದು ಬೀರುವನ್ನೇ ಕೇಳಿದೆ.

ಆ ನೋಟಿಗೆ ಇದ್ದದ್ದು ಮೂರೇ ಮಡಿಕೆ, ನನಗೆ ಚೆನ್ನಾಗಿ ನೆನಪಿದೆ. ನಿನ್ನೆ ಮಧ್ಯಾಹ್ನ ತೆಗೆದು ನೋಡಿದೆ. ನೋಟಿನ ಮೂಲೆ ಒಳಕ್ಕೆ ಮಡಚಿತ್ತು.