ಮೌನೇಶ್ವರಿ ಹೆಸರಿನ ಅಂಕಪಟ್ಟಿ

ಹತ್ತನೇ ತರಗತಿ ಫಲಿತಾಂಶ ಬಂದ ಮರುದಿನ, ಕಸ ಗುಡಿಸುವ ಹೊತ್ತಿಗಾಗಲೇ ತುರ್ವಿಹಾಳದ ಸೂಗಮ್ಮ ಸಿಂಧನೂರಿನ ಠಾಣೆ ಮುಂದೆ ಕೂತಿದ್ದಳು. ಮಗಳು ಮೌನೇಶ್ವರಿ ಕಾಣೆಯಾಗಿದ್ದಳು.

"ಯಾರರ ಬೈದಿದ್ರೇನವ್ವ?" ಇನ್ಸ್‌ಪೆಕ್ಟರ್ ವೀರೇಂದ್ರ ಕೇಳಿದರು.

"ಇಲ್ರೀ ಸಾಹೇಬ್ರ. ನಾ ಕೂಲಿಗೆ ಹೋಗಿದ್ದೆ. ಮೊಬೈಲ್‌ನ್ಯಾಗ ಫೇಲ್ ಅಂತ ಬಂತಂತ. ಅದನ್ನ ಮನ್ಯಾಗ ಬಿಟ್ಟು ಹೋಗ್ಯಾಳ."

ಮೊಬೈಲಿನಲ್ಲಿ ಸರ್ಕಾರಿ ಮುದ್ರೆಯ ಅಂಕಪಟ್ಟಿ ಇನ್ನೂ ತೆರೆದೇ ಇತ್ತು. ಕಾನ್‌ಸ್ಟೆಬಲ್ ವಸೀಮಾ ಶಾಲೆಗೆ ಫೋನ್ ಹಚ್ಚಿ ಮಾತಾಡಿದವಳು ಮುಖ ಸಪ್ಪಗೆ ಮಾಡಿಕೊಂಡಳು.

"ಹುಡುಗಿ ಫಸ್ಟ್ ಕ್ಲಾಸ್‌ನ್ಯಾಗ ಪಾಸಾಗ್ಯಾಳ್ರೀ ಸರ್."

"ಹಂಗಾರ ಮೊಬೈಲು ಸುಳ್ಳ ಹೇಳ್ತೇನ್ರೀ?" ಎಂದಳು ಸೂಗಮ್ಮ.

ಎಫ್‌ಐಆರ್ ದಾಖಲಾಯಿತು. ಪಂಚನಾಮೆ ಮಾಡಿ ಮೊಬೈಲ್ ಜಪ್ತಿ ಮಾಡಿದರು. ವೀರೇಂದ್ರ ಆ ಪುಟದ ವಿಳಾಸವನ್ನು ಅಕ್ಷರ ಅಕ್ಷರ ಓದಿದರು. ಸರ್ಕಾರಿ ತಾಣಗಳ ವಿಳಾಸದ ಕೊನೆಗಿರುವ 'ಗವ್ ಡಾಟ್ ಇನ್' ಬಾಲ ಅದಕ್ಕಿರಲಿಲ್ಲ. ನಡುವೆ 'ಡಬ್ಲ್ಯೂಪಿ-ಕಂಟೆಂಟ್' ಎಂದಿತ್ತು.

"ವರ್ಡ್‌ಪ್ರೆಸ್ ಇದು, ವಸೀಮಾ. ವೆಬ್‌ಸೈಟ್ ಮಾಡೋ ಸಿದ್ಧ ಅಚ್ಚು, ಯಾರ್ ಬೇಕಾದ್ರೂ ಒತ್ತಬಹುದು. ಒತ್ತಿದವ್ರು ತಮ್ಮ ಹೆಸರು ಮುಚ್ಚೋದು ಮರೀತಾರ ಒಮ್ಮೊಮ್ಮೆ."

ತಾಣದ ವಿಳಾಸದ ಕೊನೆಗೆ, ಬರೆದವರಲ್ಲಿ ಮೊದಲನೆಯವನು ಯಾರೆಂದು ಕೇಳುವ ಪುಟ್ಟ ಪ್ರಶ್ನೆಯೊಂದನ್ನು ಸೇರಿಸಿದರು. ವಿಳಾಸ ತಾನಾಗೇ ಬದಲಾಗಿ ಹೆಸರು ಕಕ್ಕಿತು: ಯಮನೂರ ಮಸ್ಕಿ.

ಅಷ್ಟರಲ್ಲಿ ಲಿಂಗಸುಗೂರು ಬಸ್ ನಿಲ್ದಾಣದ ಕ್ಯಾಮೆರಾ ದೃಶ್ಯದಲ್ಲಿ ಹುಡುಗಿ ಕಂಡಳು. ಹೆಗಲಿಗೆ ಶಾಲೆ ಚೀಲ, ಗೇಟು ದಾಟಿ ಹೊರಗೆ ಹೋಗುತ್ತಾಳೆ. ಅದರಾಚೆಗೆ ಕ್ಯಾಮೆರಾ ಇಲ್ಲ.

ಹೆಸರಿನ ಜೊತೆಗಿದ್ದ ಊರು ಮಸ್ಕಿಯಲ್ಲಿ ಯಮನೂರ ನಡೆಸುವ ಆನ್‌ಲೈನ್ ಸೆಂಟರ್ ಹುಡುಕುವುದೇನೂ ಕಷ್ಟವಾಗಲಿಲ್ಲ. ಅಂಗಡಿಯ ಕಂಪ್ಯೂಟರಿನಲ್ಲಿ ಅದೇ ಪುಟ ತೆರೆದಿತ್ತು.

"ಸರ್ಕಾರದ ಮುದ್ರಿ ಯಾಕ ಹಾಕಿದಿ?"

"ಮಂದಿ ನಂಬ್ಲಿ ಅಂತ್ರೀ. ಸರ್ಕಾರದ ಸೈಟಿಂದ ಅಸಲಿ ರಿಜಲ್ಟ್ ಎಳಕೊಂಡು ತೋರಸ್ತಿತ್ರೀ. ಅದು ಸಿಗಲಿಲ್ಲಂದ್ರ, ಸೈಟ್ ನಡೀತದೇನಂತ ನೋಡಾಕ ಮಾಡಿಟ್ಟ ನಮೂನಿ ಅಂಕಪಟ್ಟಿ ಬರ್ತಿತ್ತು, ಹೆಸರು ಅಷ್ಟ ನೋಡೋ ಹುಡುಗರದು. ತಗ್ಯಾದು ಮರ್ತೆ."

ಹೀಗೆ ಫೇಲೆಂದು ಕಂಡ ಉಳಿದ ಮಕ್ಕಳು ಶಾಲೆಯಲ್ಲಿ ಕೇಳಿ ಸಮಾಧಾನ ಮಾಡಿಕೊಂಡಿದ್ದರು. ಮೌನೇಶ್ವರಿ ಕೇಳಲಿಲ್ಲ, ಅಷ್ಟೇ.

"ನಮೂನಿಗೆ ಹಾಕಿದ್ದು ಯಾರ ಅಂಕ?"

ಯಮನೂರ ತಲೆ ತಗ್ಗಿಸಿದ. "ನನ್ನವರೀ. ನಾ ಫೇಲಾದಾಗಿನ್ವು. ನೋಡದ ಟೈಪ್ ಮಾಡಿದೆ, ಇನ್ನೂ ನೆಪ್ಪೈತ್ರೀ." ಮತ್ತೆ ಹೇಳಿದ, "ರಿಜಲ್ಟ್ ದಿನ ಒಮ್ಮೆರ ಎಲ್ಲಾರೂ ನನ್ನ ಹಂತ್ಯಾಕ ಬರ್ಲಿ ಅಂತ ಆಸಿ ಇತ್ತು."

ಕಪಾಳಕ್ಕೆ ಬಾರಿಸಬೇಕೆನ್ನಿಸಿತು ವೀರೇಂದ್ರರಿಗೆ. ಕೈ ಏಳಲಿಲ್ಲ. ಬಂಧನದ ಮೆಮೊಗೆ ಸಹಿ ಹಾಕಿಸಿಕೊಂಡು ಜೀಪು ಹತ್ತಿಸಿದರು.

ಸೂಗಮ್ಮ ಠಾಣೆ ಬಿಟ್ಟು ಕದಲಿರಲಿಲ್ಲ. ಯಮನೂರನನ್ನು ಒಂದು ಸಲ ನೋಡಿ ವೀರೇಂದ್ರರ ಕಡೆ ತಿರುಗಿದಳು.

"ಇವ ಸಿಕ್ಕ. ನೀ ಪಾಸಾಗೀಯವ್ವ ಅಂತ ಆಕಿಗ್ಯಾರು ಹೇಳ್ತಾರ್ರೀ ಸಾಹೇಬ್ರ?"

ಎಲ್ಲ ಠಾಣೆಗಳಿಗೂ ಕಳಿಸುವ ಕಾಣೆಯಾದವರ ಪ್ರಕಟಣೆ ಮೇಜಿನ ಮೇಲಿತ್ತು: ಭಾವಚಿತ್ರ, ಎತ್ತರ, ಗೋಧಿ ಮೈಬಣ್ಣ, ಹಸಿರು ಚೂಡಿದಾರ. ತಮ್ಮ ಕೈಯಲ್ಲಿ ಇನ್ನೇನೂ ಉಳಿದಿಲ್ಲವೆಂದು ವೀರೇಂದ್ರರಿಗೆ ಗೊತ್ತಿತ್ತು. ಪೆನ್ನು ತೆಗೆದುಕೊಂಡು, ಯಾವ ನಿಯಮದಲ್ಲೂ ಇಲ್ಲದ ಒಂದು ಸಾಲನ್ನು ಕೆಳಗೆ ದಪ್ಪಕ್ಷರದಲ್ಲಿ ಬರೆದರು.

'ಮೌನೇಶ್ವರಿ, ನೀನು ಪಾಸಾಗಿದ್ದೀಯ.'